ದೇವರ ಜೊತೆ ಟೂ

ಅಮ್ಮಾ,

ಇದನ್ನು ನಿನಗೆ ಹೇಳದೆಯೇ ಬಿಡುವುದರಲ್ಲಿದ್ದೆ. ನೀನು ದೇವರನ್ನು ಬೈದದ್ದನ್ನು ಮಕ್ಕಳಿಗೆ ಹೇಳಿಬಿಟ್ಟೆ.

ಇವತ್ತು ಊಟದ ಮೇಜಿನ ಮೇಲೆ ನಿನ್ನ ಧರ್ಮಗ್ರಂಥವನ್ನೇ ಬಿಡಿಸಿಕೊಂಡು, ನೀನು ನನಗೆ ಕಲಿಸಿದ ಹಾಗೆ ಪಾಠಕ್ಕೆ ಕೂತಿದ್ದೆವು. ಎಲ್ಲವನ್ನೂ ಕಳೆದುಕೊಂಡರೂ ನಂಬಿಕೆ ಬಿಡದವನ ಕತೆ. "ನಮ್ಮಜ್ಜಿ ಥರ," ಎಂದಳು ಮಗಳು. ಹೂಂ ಎಂದು ಮುಂದೆ ಓದಬಹುದಿತ್ತು. ಆದರೆ ಆಸ್ಪತ್ರೆಯಲ್ಲಿ, ನೋವಿನ ಮದ್ದೂ ನಾಟದ ಆ ದಿನ, "ನಿನಗೇನು ಕಣ್ಣು ಕಾಣಲ್ವಾ?" ಎಂದು ನೀನು ಚಾವಣಿ ನೋಡಿ ಕೂಗಿದ್ದನ್ನು ಹೇಳಿದೆ.

"ಹಾಗಾದ್ರೆ ಅಜ್ಜಿ ಫೇಲ್!" ಎಂದ ಮಗ.

"ಸುಮ್ನಿರೋ ಪೆದ್ದ. ಬೈದ್ರೂ ಮಾತಾಡ್ತಾನೇ ಇದ್ರಲ್ಲ? ದೇವರ ಜೊತೆ ಟೂ ಬಿಡ್ಲಿಲ್ಲ," ಎಂದಳು ಅವನಕ್ಕ. ಆಮೇಲೆ ನನ್ನ ಕಡೆ ತಿರುಗಿದಳು. "ಅಜ್ಜಿ ಹೋದ್ಮೇಲೆ ನೀನು ಪ್ರಾರ್ಥನೆ ಮಾಡಿದ್ದು ನಾನು ನೋಡೇ ಇಲ್ಲ. ನೀನು ಟೂ ಬಿಟ್ಟಿದ್ದೀಯೇನಮ್ಮಾ?"

ಒಲೆಯ ಮೇಲೆ ಹಾಲಿದೆ ಎಂದು ಎದ್ದು ಬಂದೆ. ಒಲೆ ಹಚ್ಚಿರಲೇ ಇಲ್ಲ.

ಮುಂದಿನ ಪಾಠ ಭಾನುವಾರ. ಅವಳಿಗೆ ನಿಜ ಹೇಳಿದ ಮೇಲೆ ಇದನ್ನು ನಿನ್ನ ಹಳೆಯ ವಿಳಾಸ ಬರೆದು ಅಂಚೆಗೆ ಹಾಕುತ್ತೇನೆ. ಮರುದಿನವೇ, ಸೋಮವಾರ, ಹದಿನೈದನೇ ತಾರೀಕಿಗೆ.