ಹತ್ತಕ್ಕೆ ಎಷ್ಟು?

ನವೆಂಬರ್ ೧೨, ಮಧ್ಯಾಹ್ನ

ನನ್ನ ಪುಟ್ಟಿಗೆ,

ಇಪ್ಪತ್ತಾರು ದಾಟಿದವಳನ್ನು ಪುಟ್ಟಿ ಎನ್ನಬೇಡ ಅಂತ ನೀನು ಎಷ್ಟೋ ಸಲ ಗದರಿದ್ದೆ. ಕಾಗದದಲ್ಲಾದರೂ ಕರೆಯುತ್ತೇನೆ, ಬಿಡು.

ನೀನು ಮನೆ ಬಿಟ್ಟು ಆ ಊರಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ಇದು ನನ್ನ ಐದನೆಯ ಪತ್ರ. ಹಿಂದಿನವನ್ನು ಓದಿದೆಯೋ, ಹರಿದೆಯೋ ತಿಳಿಯದು.

ಹೊರಟ ದಿನ ನೀನು ಬಾಗಿಲಲ್ಲಿ ನಿಂತು, "ಯಾರದೋ ಯುದ್ಧಕ್ಕೆ ನಮ್ಮ ಹುಡುಗರನ್ನ ಕಳಿಸ್ತಿದ್ದಾರೆ. ನೀನು ಜನ ಖುಷಿಯಾಗಿದ್ದಾರೆ ಅಂತ ಬರೀತಾ ಕೂತಿರು" ಎಂದು ಹೇಳಿ ಹೋದೆ. ಉಪ್ಪು ತಿಂದ ಮನೆಗೆ ಎರಡು ಬಗೆಯಲಾರೆ ಎಂಬುದು ನನ್ನ ಉತ್ತರವಾಗಿತ್ತು.

ಈ ವರ್ಷ ನಮ್ಮ ಇಲಾಖೆಯ ಸಂತೋಷ ಸಮೀಕ್ಷೆಗೆ ಮನೆಮನೆ ಸುತ್ತುವ ಹುಡುಗರೇ ಸೈನ್ಯಕ್ಕೆ ಹೋದರು. ಹಾಗಾಗಿ ಇಪ್ಪತ್ತೆರಡು ವರ್ಷ ಮೇಜು ಬಿಟ್ಟೇಳದ ನಾನೇ ಫಾರಂ ಹಿಡಿದು ಬೀದಿ ಸುತ್ತಿದೆ. ಪ್ರಶ್ನೆ ಒಂದೇ: ನಿಮ್ಮ ಸಂತೋಷ ಹತ್ತಕ್ಕೆ ಎಷ್ಟು? ನಿವೃತ್ತ ಮೇಷ್ಟ್ರೊಬ್ಬರು ದನಿ ತಗ್ಗಿಸಿ, "ಹೆಂಡತಿ ಒಳಗಿದ್ದಾಳೆ, ಎಂಟು ಬರ್ಕೊಳ್ಳಿ" ಎಂದರು. ನಗುತ್ತಲೇ ಪಕ್ಕದ ಇಸ್ತ್ರಿ ಅಂಗಡಿಗೆ ಹೋದೆ. ಅಲ್ಲಿನ ಹೆಂಗಸು ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಕೇಳಿದಳು: "ಹತ್ತು ಅಂದ್ರೆ ನನ್ನ ಮಗನ್ನ ವಾಪಸ್ ಕಳಿಸ್ತಾರಾ? ಕಳಿಸೋದಾದ್ರೆ ಇಪ್ಪತ್ತು ಬರ್ಕೊಳ್ಳಿ."

ಅದನ್ನು ಯಾವ ಚೌಕದಲ್ಲಿ ತುಂಬಬೇಕೋ ತಿಳಿಯದೆ ಫಾರಂ ಮಡಚಿಕೊಂಡು ಬಂದೆ.

ಎಲ್ಲ ಕೂಡಿಸಿದಾಗ ಸರಾಸರಿ ನಾಲ್ಕು ಬಂತು. ನಿರ್ದೇಶಕರು ಕರೆದರು. ಮಕ್ಕಳು ಯುದ್ಧಕ್ಕೆ ಹೋದ ಮನೆಗಳಿಗೆಲ್ಲ 'ಬೀಗ ಹಾಕಿತ್ತು' ಎಂದು ಬರೆದರೆ ಏಳಾಗುತ್ತದಂತೆ. ಜನ ಯುದ್ಧದ ಪರ ಇದ್ದಾರೆಂದು ಸಂಸತ್ತಿನಲ್ಲಿ ತೋರಿಸಲು ಸರ್ಕಾರಕ್ಕೆ ಏಳೇ ಬೇಕಿತ್ತು. "ಯಾರ ಬಾಯಿಗೂ ಸುಳ್ಳು ತುರುಕ್ತಿಲ್ಲಮ್ಮಾ, ಬರೀ ಬಾಗಿಲು ಮುಚ್ತಿದ್ದೀವಿ" ಎಂದು ಪೆನ್ನು ಮುಂದಿಟ್ಟರು.

ನಾನು ಸಹಿ ಹಾಕಲಿಲ್ಲ. ಬೇರೆಯವರು ಹಾಕಿದರು. ನಿರ್ದೇಶಕರು ಪತ್ರಕರ್ತರ ಮುಂದೆ ಏಳು ಎಂದು ಓದುವಾಗ ಹಿಂದಿನ ಸಾಲಿನಲ್ಲಿದ್ದ ನಾನು ಎದ್ದು ನಾಲ್ಕು ಎಂದೆ. ಕುರ್ಚಿ ಹಿಡಿದುಕೊಂಡು ಇನ್ನೊಮ್ಮೆ ಹೇಳಿದೆ. ಒಂದೇ ಒಂದು ಪತ್ರಿಕೆ ಆರನೇ ಪುಟದ ಮೂಲೆಯಲ್ಲಿ ಹಾಕಿತು. ಸೈನಿಕರ ಎರಡನೆಯ ಹಡಗು ಹೇಳಿದ ದಿನಕ್ಕೇ ಹೊರಟಿತು.

ನನ್ನನ್ನು ಅಮಾನತು ಮಾಡಿದ್ದಾರೆ. ಜೊತೆಯಲ್ಲಿ ಇಪ್ಪತ್ತು ವರ್ಷ ಬುತ್ತಿ ಬಿಚ್ಚಿದವಳು ನನ್ನನ್ನು ಕಂಡರೆ ರಸ್ತೆ ದಾಟುತ್ತಾಳೆ. ಬೆಳಿಗ್ಗೆ ಒಂಬತ್ತಕ್ಕೆ ಚಪ್ಪಲಿ ಮೆಟ್ಟಿ ಬಸ್ ನಿಲ್ದಾಣಕ್ಕೆ ಹೋಗುತ್ತೇನೆ. ಬಸ್ಸು ಹೋದ ಮೇಲೆ ಮನೆಗೆ ಬರುತ್ತೇನೆ. ಮೊದಮೊದಲು ಕಂಡಕ್ಟರ್ "ಹತ್ತಲ್ವಾ ಅಮ್ಮಾ?" ಎನ್ನುತ್ತಿದ್ದ. ಈಗ ಕೇಳುವುದಿಲ್ಲ. ದಿನವಿಡೀ ನನ್ನ ದನಿ ನನಗೇ ಕೇಳಿಸದೆ ಕಳೆಯುತ್ತದೆ.

ನಿನ್ನ ಶಭಾಷ್‌ಗಿರಿಗಾಗಿ ಇದನ್ನೆಲ್ಲ ಬರೆಯಲಿಲ್ಲ. ಅಥವಾ ಅದಕ್ಕಾಗಿಯೇ ಇರಬಹುದು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ದಾರಿ ನೋಡುತ್ತಿರುವ,
ಅಮ್ಮ

ತಾ.ಕ.: ಮೊನ್ನೆ ನಿನ್ನ ಗೆಳತಿ ಬಂದಿದ್ದಳು. ಯುದ್ಧ ಬೇಡವೆಂದು ನೀವು ಸೇರುತ್ತಿದ್ದ ಮನೆಯನ್ನು ಪೊಲೀಸರಿಗೆ ತೋರಿಸಿಕೊಟ್ಟವಳು ಅವಳೇ ಎಂದು ನೀನು ಮಾತು ಬಿಟ್ಟಿದ್ದೀಯಂತೆ. ಬಿಕ್ಕಿ ಬಿಕ್ಕಿ ಅತ್ತಳು. ಅವಳಲ್ಲ, ಪುಟ್ಟಿ. ನೀನು ಮನೆ ಬಿಡುವ ಮೊದಲು, ನಿರ್ದೇಶಕರು ಕೇಳಿದಾಗ ವಿಳಾಸ ಬರೆದುಕೊಟ್ಟವಳು ನಾನು. ಗದರಿಸಿ ಬಿಡುತ್ತಾರೆ ಅಂದುಕೊಂಡಿದ್ದೆ. ನಿಮ್ಮನ್ನು ಹನ್ನೊಂದು ದಿನ ಒಳಗಿಟ್ಟರು. ಅವಳೆದುರು ಹೇಳಲು ನನಗೆ ಬಾಯಿ ಬರಲಿಲ್ಲ. ಇನ್ನು ನನಗೆ ಬರೆಯದಿದ್ದರೂ ಸರಿ. ಅವಳಿಗೆ ಬರಿ.