ಉಂಡೆಯ ಕಿವಿಗೆ ಹಚ್ಚಿದ ಮುಲಾಮು

ಮನೆಯಿಂದ,
ಭಾನುವಾರ ಬೆಳಿಗ್ಗೆ

ಪ್ರೀತಿಯ ಇವಳೇ,

ಹೇಗಿದ್ದೀಯ? ಆಪರೇಷನ್ ಆದ ಮೇಲೆ ನಿನ್ನ ಅಕ್ಕನ ಮಂಡಿ ಹೇಗಿದೆ? ಎದ್ದು ಓಡಾಡುತ್ತಿದ್ದಾರೋ, ಇಲ್ಲ ಕೂತಲ್ಲಿಂದಲೇ ನಿನ್ನನ್ನು ಓಡಾಡಿಸುತ್ತಿದ್ದಾರೋ? ಇದನ್ನು ಮಾತ್ರ ಅವರಿಗೆ ಓದಿ ಹೇಳಬೇಡ.

ಮೊದಲು ಸಿಹಿಸುದ್ದಿ. ನಮ್ಮ ಬೆಕ್ಕು ಉಂಡೆ ಊಟ ಮಾಡಿತು! ಹಲ್ಲು ಕೀಳಿಸಿ ನೋವು ಹೋದರೂ ಅದು ತಟ್ಟೆಯ ಹತ್ತಿರ ಸುಳಿಯುತ್ತಿರಲಿಲ್ಲ. ಅದು ತಿನ್ನದಿದ್ದರೆ ಓಡಿ ಬರುತ್ತೇನೆಂದು ನೀನು ಬೇರೆ ಬರೆದಿದ್ದೆ. "ಬೆಕ್ಕು ಉಪವಾಸ ತಡೆಯಲ್ಲ, ಲಿವರ್ ಕೆಟ್ಟುಹೋಗುತ್ತೆ" ಎಂದು ಡಾಕ್ಟರಮ್ಮ ಹೆದರಿಸಿದರು. ಹಸಿವು ಬರಿಸುವ ಮುಲಾಮು ಕೊಟ್ಟು, ದಿನಾ ಕಿವಿಯ ಒಳಬದಿಗೆ ಸವರಿ ಎಂದರು. ಗ್ಲೌಸನ್ನೂ ಕೊಟ್ಟಿದ್ದರು. ನಿನಗೆ ಗೊತ್ತಲ್ಲ, ಬಟ್ಟೆಯ ಎಳೆ ಬೆರಳಿಗೆ ತಾಕದಿದ್ದರೆ ನನಗೆ ಹೊಲಿಗೆಯೇ ಬರುವುದಿಲ್ಲ. ಇನ್ನು ಗ್ಲೌಸು ಹಾಕಿದ ಕೈಗೆ ಬೆಕ್ಕಿನ ಕಿವಿ ಸಿಕ್ಕೀತೇ? ಬರಿಬೆರಳಲ್ಲೇ ಚೆನ್ನಾಗಿ ತಿಕ್ಕಿದೆ.

ಆಮೇಲೆ ನೋಡು ಮಜಾ. ಉಂಡೆ ತಟ್ಟೆ ನೆಕ್ಕುವ ಹೊತ್ತಿಗೆ ನಾನು ಪಾತ್ರೆಯ ತಳ ಕೆರೆಯುತ್ತಿದ್ದೆ! ನೀನು ಹೋದಾಗಿನಿಂದ ಎರಡು ತುತ್ತಿಗಿಂತ ಹೆಚ್ಚು ಸೇರದವನು, ನಾನೇ ಮಾಡಿದ ಅಡುಗೆಯನ್ನು ಇನ್ನೊಂದು ಸಲ ಬಡಿಸಿಕೊಂಡೆನೆಂದರೆ ನೀನೇ ಊಹಿಸು. ಜೊತೆಗೆ ಹಾಳು ನಿದ್ದೆ. ಮಿಷಿನ್ ಮುಂದೆ ತೂಕಡಿಸುತ್ತಾ ಪೋಸ್ಟ್‌ಮಾಸ್ಟರ ಅಂಗಿಯ ಜೇಬನ್ನು ಬೆನ್ನಿಗೆ ಹೊಲಿದೆ. ಇದನ್ನೆಲ್ಲ ಹೇಳಿದರೆ ಡಾಕ್ಟರಮ್ಮ ನಗುವುದೋ ಬೈಯುವುದೋ ತಿಳಿಯದೆ ಎರಡನ್ನೂ ಮಾಡಿದರು. "ಅದು ಚರ್ಮದಲ್ಲೇ ಒಳಗಿಳಿಯೋ ಔಷಧಿ ಯಜಮಾನ್ರೇ, ಬೆಕ್ಕಿನ ಪಾಲು ನೀವೂ ತಗೊಂಡಿದ್ದೀರಿ!" ಅಲ್ಲೇ ಸೋಪು ಹಾಕಿ ಕೈ ತೊಳೆಸಿದರು. ನನಗೇನೂ ಆಗಿಲ್ಲ, ಗಾಬರಿಯಾಗಬೇಡ. ಈಗ ಗ್ಲೌಸಿಲ್ಲದೆ ಆ ಟ್ಯೂಬು ಮುಟ್ಟುವುದಿಲ್ಲ.

ಉಂಡೆ ಇದೀಗ ನಾನು ಕತ್ತರಿಸಬೇಕಾದ ಬಟ್ಟೆಯ ಮೇಲೆ ಹೊಟ್ಟೆ ಬಿಟ್ಟುಕೊಂಡು ಮಲಗಿದೆ. ಎಬ್ಬಿಸಲು ಮನಸ್ಸಿಲ್ಲ. ಎಷ್ಟು ನಿರಾಳವಾಗಿದೆ ಗೊತ್ತಾ! ನೀನು ಓಡಿ ಬರುವುದೇನೂ ಬೇಡ. ಅಕ್ಕ ಸರಿಯಾಗಿ ನಡೆಯುವ ತನಕ ಇದ್ದು ಬಾ. ಅವರಿಗೆ ನನ್ನ ನಮಸ್ಕಾರ ಹೇಳು, ಅವರ ಮೊಮ್ಮಗಳಿಗೆ ಒಂದು ಮುದ್ದು ಕೊಡು.

ಎಂದಿನಂತೆ ನಿನ್ನವನೇ ಆದ
ಟೈಲರ್

ಮರೆತ ಮಾತು: ಗ್ಲೌಸು ಹಾಕತೊಡಗಿದ ಮೇಲೆ ನನ್ನ ಹಸಿವು ಬಂದ ದಾರಿಯಲ್ಲೇ ಹೊರಟುಹೋಗಿದೆ. ನಿನ್ನೆ ಮಾಡಿದ ಅನ್ನ ಹಾಗೇ ಇದೆ. ಓಡಿ ಬರಬೇಡ ಎಂದು ಮೇಲೆ ಬರೆದದ್ದು ಬೆಕ್ಕಿನ ಮಟ್ಟಿಗೆ ಮಾತ್ರ.