ನಾಲ್ಕಕ್ಕೂ ಐದಕ್ಕೂ ನಡುವೆ

ಸೋಮವಾರ, ಹನ್ನೆರಡನೇ ತಾರೀಖು
ಮಧ್ಯಾಹ್ನದ ಊಟದ ಬಿಡುವು

ಚೋಟುವಿನ ಅಮ್ಮನಿಗೆ,

ನಿನ್ನೆ ಸಂಜೆ ಬಾಗಿಲು ತೆಗೆದಾಗ ನೀನು ನನ್ನ ಮುಖ ನೋಡಲಿಲ್ಲ, ಗೋಡೆಯ ಗಡಿಯಾರ ನೋಡಿದೆ. "ನಿಮ್ಮ ಐದು ಗಂಟೆ ಏಳೂವರೆಗೆ ಹೊಡೆಯುತ್ತಾ?" ಎಂದು ಕೇಳಿ, ಮಗಳ ಒದ್ದೆ ರೇನ್‌ಕೋಟು ಬಿಚ್ಚಿ, ಅವಳನ್ನು ಒಳಗೆಳೆದುಕೊಂಡು ಬಾಗಿಲು ಹಾಕಿದೆ. ನಿನ್ನದೇನೂ ತಪ್ಪಿಲ್ಲ. ಎರಡೂವರೆ ಗಂಟೆ ಮಗು ಎಲ್ಲಿದೆಯೆಂದು ತಿಳಿಯದೆ ಕೂತಿದ್ದವನು ನಾನಾಗಿದ್ದರೆ ಬಾಗಿಲು ಮುರಿದೇ ಹೋಗುವಂತೆ ಹಾಕುತ್ತಿದ್ದೆ.

ಆಗ ಹೇಳಲಾಗದೆ ಹೋದದ್ದನ್ನು ಈಗ ವರ್ಕ್‌ಶಾಪಿನ ಮೇಜಿನ ಮೇಲೆ ಕೂತು ಬರೆಯುತ್ತಿದ್ದೇನೆ. ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆದಿದ್ದೇನೆ. ಆದರೂ ಅಂಚಿನಲ್ಲಿ ಗ್ರೀಸಿನ ಬೆರಳಚ್ಚು ಕಂಡರೆ ನಿನಗೆ ಆಶ್ಚರ್ಯವಾಗಬಾರದು, ಹನ್ನೊಂದು ವರ್ಷ ನನ್ನ ಅಂಗಿಗಳ ಜೊತೆ ಗುದ್ದಾಡಿದವಳು ನೀನು.

ಮೊದಲು ಆ ಕಾಗದದ ವಿಷಯ. ನಿನಗೆ ಅಷ್ಟು ದೂರದ ಊರಿನ ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿ ಮೂರು ತಿಂಗಳಾಯಿತು. ರೈಲಿನಲ್ಲಿ ಒಂಬತ್ತು ಗಂಟೆಯ ದಾರಿ. ಚೋಟುವನ್ನು ಅಲ್ಲಿನ ಶಾಲೆಗೆ ಸೇರಿಸಲು ಅಪ್ಪನ ಸಹಿ ಬೇಕು. ಈ ಗುರುವಾರದೊಳಗೆ ಸಹಿ ಬೀಳದಿದ್ದರೆ ಅವಳ ಸೀಟೂ ಇಲ್ಲ, ನಿನ್ನ ಕೆಲಸವೂ ಇಲ್ಲ. ನೀನು ಕೇಳಿದಾಗಲೆಲ್ಲ ನಾನು ಹಾಡಿದ್ದು ಒಂದೇ ರಾಗ: ಮಗುವಿಗೆ ಇಷ್ಟವಿದೆಯೋ ಇಲ್ಲವೋ ಮೊದಲು ಕೇಳು. ನೀನು ಕೇಳಿದೆ. ಅವಳು "ಗೊತ್ತಿಲ್ಲ" ಅಂದಳು. ಆ ಒಂದು "ಗೊತ್ತಿಲ್ಲ"ವನ್ನೇ ಗಟ್ಟಿಯಾಗಿ ಹಿಡಿದುಕೊಂಡು, ನೋಡಿದೆಯಾ, ಅವಳಿಗೆ ಮನಸ್ಸಿಲ್ಲ ಎಂದು ನಾನು ಉಡದ ಪಟ್ಟು ಹಿಡಿದು ಕೂತೆ. ಕಾಗದ ನನ್ನ ಕೆಲಸದ ಚೀಲದಲ್ಲಿ ಸ್ಪ್ಯಾನರುಗಳ ಅಡಿಯಲ್ಲಿತ್ತು.

ನಿನ್ನೆ ಬೆಳಿಗ್ಗೆ ಹತ್ತಕ್ಕೆ ಅವಳನ್ನು ಕರೆದುಕೊಂಡು ಹೊರಟಾಗ ಕೆರೆಯ ದೋಣಿಗೆ ಹೋಗುವುದೆಂದಿತ್ತು. ಬೀದಿಯ ತಿರುವು ದಾಟುವುದರೊಳಗೆ ಮಳೆ ಧೋ ಎಂದು ಸುರಿಯಿತು. ನಾವು ಔಷಧಿ ಅಂಗಡಿಯ ಸೂರಿನ ಕೆಳಗೆ ನಿಂತೆವು. ಅವಳು ರೇನ್‌ಕೋಟು ತೆಗೆಯಲೆಂದು ಚೀಲಕ್ಕೆ ಕೈ ಹಾಕಿದರೆ ಜೊತೆಗೆ ಪತ್ರಿಕೆಯ ತುಂಡೊಂದು ಬಂತು: 'ಮಳೆಯ ಭಾನುವಾರ: ಊರೊಳಗೆ, ಸೂರಿನಡಿ ಮಾಡಬಹುದಾದ ಹತ್ತು ಸಂಗತಿಗಳು.' ಅಂಚು ಒಂಚೂರೂ ಸೊಟ್ಟಗಾಗದಂತೆ ಕತ್ತರಿಸಿದ್ದು ನೋಡಿಯೇ ನಿನ್ನ ಕೈಯೆಂದು ತಿಳಿಯಿತು. ಹಿಂದಿನ ಸಲ ಮಳೆ ಬಂದಾಗ ನಾನವಳನ್ನು ಬಸ್ ನಿಲ್ದಾಣದ ಬೆಂಚಿನಲ್ಲಿ ಕೂರಿಸಿಕೊಂಡು ಮೂರು ಗಂಟೆ ಬಸ್ಸು ಎಣಿಸಿದ್ದು ನಿನ್ನ ಕಿವಿಗೆ ಬಿದ್ದಿರಬೇಕು. ಚುಚ್ಚಲಿಕ್ಕೇ ಇಟ್ಟಿದ್ದಾಳೆ ಎಂದು ಒಂದು ಕ್ಷಣ ಸಿಟ್ಟು ಬಂತು. ಆಮೇಲೆ, ಬೇಡವಾದ ಗಂಡನ ಭಾನುವಾರ ಹಾಳಾಗಬಾರದೆಂದು ಕತ್ತರಿ ಹಿಡಿದು ಕೂರುವವರು ಎಷ್ಟು ಜನ ಇದ್ದಾರು ಅನ್ನಿಸಿತು.

ಚೋಟು ಪೆನ್ಸಿಲು ತೆಗೆದಳು. ಮಾಡಿದ್ದಕ್ಕೆಲ್ಲ ಗುರುತು ಹಾಕಬೇಕಂತೆ. ಈ ಶಿಸ್ತು ನನ್ನ ಕಡೆಯಿಂದ ಬಂದದ್ದಲ್ಲ.

ಒಂದನೆಯದು ವಸ್ತುಸಂಗ್ರಹಾಲಯ. ಅಲ್ಲಿ ತಿಮಿಂಗಿಲದ ಅಸ್ಥಿಪಂಜರದ ಕೆಳಗೆ ಏಳು ಬಕೆಟ್ಟು ಇಟ್ಟಿದ್ದರು. ಛಾವಣಿ ಸೋರುತ್ತಿತ್ತು. ಏಣಿಯ ಮೇಲೊಬ್ಬ ನಿಂತು ಬಿರುಕಿಗೆ ಏನೋ ಮೆತ್ತುತ್ತಿದ್ದ, ಕೆಳಗೆ ಜನ ಓಡಾಡುತ್ತಿದ್ದರು. ನಿನ್ನ ಮಗಳು ನೆಟ್ಟಗೆ ಏಣಿಯ ಬುಡಕ್ಕೆ ಹೋಗಿ ತಲೆಯೆತ್ತಿ "ನಿಮ್ಮ ಬೋರ್ಡು ಎಲ್ಲಿ? ಮೊದಲು ಬೋರ್ಡು, ಆಮೇಲೆ ಕೈ!" ಎಂದು ಗದರಿದಳು. ಆತ ಪಾಪ ತಬ್ಬಿಬ್ಬಾಗಿ ಕೆಳಗಿಳಿದು ಬಂದು ಒಂದು ರಟ್ಟಿನ ಮೇಲೆ 'ಕೆಲಸ ನಡೆದಿದೆ' ಎಂದು ಬರೆದು ಒರಗಿಸಿದ. ನನ್ನ ಮೇಸ್ತ್ರಿ ನನಗೆ ಕಲಿಸಿದ ಮೊದಲ ಪಾಠ ಅದು: ಲಿಫ್ಟಿನ ಯಾವ ಭಾಗವನ್ನು ಮುಟ್ಟುವ ಮೊದಲೂ ಕೆಳ ಅಂತಸ್ತಿನ ಬಾಗಿಲಿಗೆ 'ದುರಸ್ತಿಯಲ್ಲಿದೆ' ಬೋರ್ಡು ತೂಗುಹಾಕಬೇಕು. ಇಪ್ಪತ್ತೆರಡು ವರ್ಷದಿಂದ ನನ್ನ ಕೈ ಅದನ್ನು ತಪ್ಪಿಸಿಲ್ಲ. ನಮ್ಮ ಬಚ್ಚಲುಮನೆಯ ನಲ್ಲಿ ಸರಿಮಾಡುವಾಗಲೂ ನಾನು ಬಾಗಿಲಿಗೆ ಬೋರ್ಡು ನೇತುಹಾಕಿದ್ದನ್ನು ನೋಡಿ ನೀನೂ ನಿನ್ನ ಅಕ್ಕನೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕದ್ದು ನೆನಪಿದೆಯೇ? ಆಗ ಚೋಟು ಗೇಣುದ್ದ ಇದ್ದಳು. ಬೋರ್ಡು ಕಿತ್ತುಕೊಂಡು ಮನೆಯಿಡೀ ಎಳೆದಾಡಿದ್ದಳು.

ಮೂರನೆಯದು ಮೀನಿನ ಮನೆ. ಊರಿನವರೆಲ್ಲರ ಮನೆಗೂ ಅದೇ ಪತ್ರಿಕೆ ಬರುತ್ತದೆಯೋ ಏನೋ, ಕಾಲಿಡಲು ಜಾಗವಿರಲಿಲ್ಲ. ಗಾಜಿನ ಒಳಗಿದ್ದವುಗಳಿಗಿಂತ ಹೊರಗಿದ್ದ ನಾವೇ ಹೆಚ್ಚು ಒದ್ದೆಯಾಗಿದ್ದೆವು. ಒಂದು ಚಪ್ಪಟೆ ಮೀನು ನೋಡಿ ಚೋಟು "ಇದು ನಮ್ಮ ಹೆಡ್ ಮೇಡಂ ಥರಾನೇ ಇದೆ" ಅಂದಳು. ಪಕ್ಕದಲ್ಲಿ ಅವಳ ತರಗತಿಯ ಹುಡುಗಿಯೊಬ್ಬಳು ನಿಂತಿದ್ದಳಂತೆ. ಆ ಮಾತು ಶಾಲೆಗೆ ಮುಟ್ಟಿ ನಿನ್ನನ್ನು ಕರೆಸಿದರೆ ನನ್ನನ್ನು ಬೈಯಬೇಡ, ನಾನು ನಗಲೂ ಇಲ್ಲ. ಸ್ವಲ್ಪ ನಕ್ಕೆ.

ನಾಲ್ಕನೆಯದು ಗ್ರಂಥಾಲಯ. ಮಕ್ಕಳ ಕೋಣೆಯಲ್ಲಿ ಅವಳು ಮೇಜಿನ ಮೇಲೆ ಗಲ್ಲ ಊರಿ ಒಂದು ಪುಸ್ತಕದೊಳಗೆ ಇಳಿದುಹೋದಳು. ನನ್ನ ಒದ್ದೆ ಬೂಟು ಕಿರುಗುಟ್ಟಿದ್ದಕ್ಕೆ ಗ್ರಂಥಪಾಲಕಿ ಕಣ್ಣಲ್ಲೇ ಕೂರಿಸಿದರು. ಕೂತು ನೋಡಿದೆ. ಹಾಳೆ ತಿರುವುವಾಗ ಅವಳು ನಿನ್ನ ಹಾಗೇ ಬೆರಳಿನ ತುದಿಯನ್ನು ತುಟಿಗೆ ತಾಗಿಸುತ್ತಾಳೆ. ಗೋಡೆಯ ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಇನ್ನು ಎರಡೂವರೆ ಗಂಟೆ. ಗುರುವಾರ ಸಹಿ ಹಾಕಿದರೆ ಇಂಥ ಭಾನುವಾರಗಳು ಎಷ್ಟು ಉಳಿಯುತ್ತವೆ ಎಂದು ಲೆಕ್ಕ ಹಾಕಲು ಹೊರಟು ನಿಲ್ಲಿಸಿದೆ.

ಏಳನೆಯದು, 'ಎತ್ತರದ ಕಿಟಕಿಯೊಂದರಿಂದ ಮಳೆ ನೋಡಿ.' ಇದಕ್ಕೆ ಮಾತ್ರ ಈ ಊರಿನಲ್ಲಿ ನನ್ನನ್ನು ಬಿಟ್ಟರೆ ಇಲ್ಲ. ಅಂಚೆ ಕಚೇರಿಯ ಹಿಂದಿನ ಆರು ಅಂತಸ್ತಿನ ಹಳೆಯ ಕಟ್ಟಡಕ್ಕೆ ಕರೆದುಕೊಂಡು ಹೋದೆ. ಭಾನುವಾರ ಅಲ್ಲಿ ಕಚೇರಿಗಳೆಲ್ಲ ಮುಚ್ಚಿರುತ್ತವೆ, ಕಾವಲುಗಾರ ನನಗೆ ಹಳೆಯ ಪರಿಚಯ. ಅಲ್ಲಿನ ಲಿಫ್ಟಿನಲ್ಲಿ ಒಳಗೆಲ್ಲ ಮರದ ಹಲಗೆ, ಒಂದು ಪುಟ್ಟ ಬೆಂಚು, ಕನ್ನಡಿ. ನನ್ನ ಕೈಯಲ್ಲಿ ಬೆಳೆದ ಲಿಫ್ಟು ಅದು. ಮೇಲಿನ ಕಿಟಕಿಯಿಂದ ನೋಡಿದರೆ ಊರಿಗೆ ಊರೇ ಛತ್ರಿಯಾಗಿತ್ತು. ಚೋಟು ಗಾಜಿಗೆ ಮೂಗು ಒತ್ತಿ ನಮ್ಮ ಹಳೆಯ ಮನೆ ಯಾವುದು ಎಂದು ಕೇಳಿದಳು, ತೋರಿಸಿದೆ. ಈಗಿನ ಅಮ್ಮನ ಮನೆ ಯಾವುದು ಎಂದಳು, ಅದನ್ನೂ ತೋರಿಸಿದೆ. ನಾನೀಗ ಇರುವ ಕೋಣೆ ಯಾವುದು ಅಂದಳು. ಅದು ಮೋಡದ ಆಚೆ ಇತ್ತು, ಕಾಣಲಿಲ್ಲ.

ಕೆಳಗೆ ಬಂದಾಗ ನಾಲ್ಕೂಕಾಲು. "ಇನ್ನೊಂದೇ ಒಂದು ಸಲ ಮೇಲೆ ಹೋಗೋಣ ಅಪ್ಪಾ" ಎಂದು ಗೋಗರೆದಳು. ಸರಿ ಎಂದು ಹೊರಟೆವು. ನಾಲ್ಕಕ್ಕೂ ಐದಕ್ಕೂ ನಡುವೆ ಲಿಫ್ಟು ನಿಂತುಬಿಟ್ಟಿತು. ಹಳೆಯ ಯಂತ್ರ, ಮಳೆಯ ತೇವ, ಹೀಗಾಗುವುದುಂಟು. ಗಂಟೆ ಒತ್ತಿದೆವು. ಕಾವಲುಗಾರ ಚಹಾ ಕುಡಿಯಲು ಹೋಗಿದ್ದ. ನನ್ನ ಫೋನು ಚೀಲದಲ್ಲಿತ್ತು, ಚೀಲ ಕೆಳಗೆ ಅವನ ಮೇಜಿನ ಮೇಲಿತ್ತು. ನೀನು ಮಾಡಿದ ಏಳು ಕರೆಗಳು ಅದಕ್ಕೇ ನನಗೆ ತಲುಪಲಿಲ್ಲ. ಕೊನೆಗೆ ಲಿಫ್ಟು ಹೊರಟು ನಾವು ಹೊರಗೆ ಬಂದು, ಬಸ್ಸಿಲ್ಲದ ಮಳೆಯಲ್ಲಿ ನಡೆದು ನಿನ್ನ ಬಾಗಿಲು ಮುಟ್ಟುವಾಗ ಏಳೂವರೆ.

ಅವಳು ಹೆದರಲಿಲ್ಲ, ಅದನ್ನು ನಿನಗೆ ಹೇಳಲೇಬೇಕು. ಬೆಂಚಿನ ಮೇಲೆ ಕಾಲು ಮಡಚಿ ಕೂತಳು. ನೀನು ಕಟ್ಟಿಕೊಟ್ಟ ಬನ್ನನ್ನು ಎರಡು ಭಾಗ ಮಾಡಿ ದೊಡ್ಡದನ್ನು ನನಗೆ ಕೊಟ್ಟಳು. ಕನ್ನಡಿಯ ಮೇಲೆ ಉಸಿರು ಬಿಟ್ಟು ಬೆರಳಲ್ಲಿ ಮನೆ ಬರೆದಳು, ಅದು ಆರುವ ಮುಂಚೆ ನಾನು ಅದಕ್ಕೊಂದು ಲಿಫ್ಟು ಬರೆಯಬೇಕಿತ್ತು. ಹತ್ತು ಮನೆಗಳಾದ ಮೇಲೆ ನಾನು ಕೇಳಿದೆ. ಅಮ್ಮ ಕೇಳಿದ್ದಕ್ಕೆ ಗೊತ್ತಿಲ್ಲ ಅಂದೆಯಂತಲ್ಲ, ನಿಜವಾಗಿಯೂ ಗೊತ್ತಿಲ್ಲವೇ ಎಂದೆ. ಬೇಡ ಅನ್ನುತ್ತಾಳೆ ಎಂದು ಕಾಯುತ್ತಿದ್ದೆ. ಆ ಒಂದು ಮಾತು ಸಿಕ್ಕಿದರೆ ನಿನ್ನ ಕಾಗದವನ್ನು ಹರಿದು ಹಾಕುವುದೆಂದು ನಿರ್ಧರಿಸಿಯೂ ಆಗಿತ್ತು.

ಅವಳು ಬನ್ನಿನ ಚೂರುಗಳನ್ನು ಮಡಿಲಿಂದ ಹೆಕ್ಕಿದಳು. ಆಮೇಲೆ, "ಹೋಗೋಕೆ ಇಷ್ಟಾನೇ ಅಪ್ಪಾ. ಅಲ್ಲಿ ಶಾಲೇಲಿ ದೂರದರ್ಶಕ ಇದೆಯಂತೆ, ನಕ್ಷತ್ರ ತೋರಿಸ್ತಾರಂತೆ. ಹೂಂ ಅಂದ್ರೆ ನಿನಗೆ ಬೇಜಾರಾಗುತ್ತೆ, ಊಹೂಂ ಅಂದ್ರೆ ಅಮ್ಮನಿಗೆ ಬೇಜಾರಾಗುತ್ತೆ. ಅದಕ್ಕೇ ಗೊತ್ತಿಲ್ಲ ಅಂದೆ" ಅಂದಳು.

ಒಂಬತ್ತು ವರ್ಷದ ಹುಡುಗಿ ನಮ್ಮಿಬ್ಬರನ್ನೂ ಮೂರು ತಿಂಗಳಿಂದ ಹೊತ್ತುಕೊಂಡು ತಿರುಗುತ್ತಿದ್ದಾಳೆ. ನಾನು ಅಲ್ಲೇ ಅತ್ತೆ. ಕನ್ನಡಿಯಿರುವ ಲಿಫ್ಟಿನಲ್ಲಿ ಅದನ್ನು ಮುಚ್ಚಿಡಲು ಆಗುವುದಿಲ್ಲ.

ನೀನು ಮನೆ ಬಿಡುವ ವಾರ ಹೇಳಿದ್ದೆ: "ಲಿಫ್ಟಲ್ಲಿ ಸಿಕ್ಕಿಕೊಂಡೋರು ಗಂಟೆ ಒತ್ತಿದ್ರೆ ಊಟ ಬಿಟ್ಟು ಓಡ್ತೀರಿ. ಈ ಮನೇಲಿ ಗಂಟೆ ಎಲ್ಲಿದೆ ತೋರಿಸಿ, ನಾನೂ ಒತ್ತುತ್ತೀನಿ." ಅವತ್ತು ನನಗೆ ಅದು ಬರೀ ಜಗಳದ ಮಾತಾಗಿ ಕೇಳಿಸಿತು. ಆಮೇಲಿನ ಎರಡು ವರ್ಷದಲ್ಲಿ ಬೇರೆ ಬೇರೆ ಊಟದ ಹೊತ್ತುಗಳಲ್ಲಿ ಮತ್ತೆ ಮತ್ತೆ ಕೇಳಿಸಿದೆ. ನನ್ನಿಂದ ತಪ್ಪಾಯಿತು.

ಕಾಗದಕ್ಕೆ ಸಹಿ ಹಾಕಿ ಇದರ ಜೊತೆಗೇ ಇಟ್ಟಿದ್ದೇನೆ. ಷರತ್ತೇನೂ ಇಲ್ಲ, ಒಂದು ಕೋರಿಕೆ ಇದೆ. ಅಲ್ಲಿ ಮನೆ ನೋಡುವಾಗ ಆದಷ್ಟೂ ಮೆಟ್ಟಿಲು ಹತ್ತಿಹೋಗುವಷ್ಟು ಎತ್ತರದಲ್ಲೇ ನೋಡು. ಲಿಫ್ಟಿದ್ದರೆ ಒಳಗೆ ಅಂಟಿಸಿದ ತಪಾಸಣೆಯ ಚೀಟಿಯಲ್ಲಿ ತಾರೀಖು ಓದು, ಹಳೆಯದಾಗಿದ್ದರೆ ನನಗೆ ಬರೆ. ಬಾಗಿಲು ಮುಚ್ಚುವಾಗ ಕೈ ಅಡ್ಡ ಹಿಡಿಯುವ ನಿನ್ನ ಆ ಅಭ್ಯಾಸವನ್ನು ದಯವಿಟ್ಟು ಬಿಡು, ಅವಳೂ ಅದನ್ನೇ ಕಲಿತಿದ್ದಾಳೆ. ತಿಂಗಳಿಗೊಂದು ಭಾನುವಾರ ನಾನೇ ರೈಲು ಹತ್ತಿ ಬರುತ್ತೇನೆ, ನೀನು ಬಾ ಅಂದರೆ.

ಬಿಡುವು ಮುಗಿಯಿತು. ಹೊರಗೆ ಇನ್ನೂ ಹನಿಯುತ್ತಿದೆ.

ಗ್ರೀಸಿನ ಕೈಯಿಂದ,
ಚೋಟುವಿನ ಅಪ್ಪ

ತಾ.ಕ. ಲಕೋಟೆ ಅಂಟಿಸುವ ಮುಂಚೆ ಕೋಟಿನ ಜೇಬಿಗೆ ಕೈ ಹಾಕಿದರೆ ನಿನ್ನ ಪತ್ರಿಕೆಯ ತುಂಡು ಸಿಕ್ಕಿತು. ನಿನ್ನೆ ನಿನ್ನ ಮನೆಗೆ ನಡೆದು ಬರುವಾಗ, ಮುಂದಿನ ಭಾನುವಾರಗಳಲ್ಲಿ ಒಬ್ಬನೇ ಇದ್ದಾಗ ಮಳೆ ಬಂದರೆ ಇರಲಿ ಎಂದು ಅವಳೇ ಅಲ್ಲಿ ತುರುಕಿದ್ದಳು. ಈಗ ಬಿಡಿಸಿ ನೋಡಿದೆ. ಒಂದು, ಮೂರು, ನಾಲ್ಕು, ಏಳಕ್ಕೆ ಗುರುತು. ಹತ್ತರ ಕೆಳಗಿನ ಖಾಲಿ ಜಾಗದಲ್ಲಿ ಅವಳ ಕೈಬರಹದಲ್ಲಿ ಹನ್ನೊಂದನೆಯದೊಂದಿದೆ: 'ಲಿಫ್ಟಲ್ಲಿ ಸಿಕ್ಕಿಕೊಳ್ಳೋದು.' ಅದಕ್ಕೂ ಗುರುತು. ಅದರ ಕೆಳಗೆ ಇನ್ನೂ ಸಣ್ಣಕ್ಷರದಲ್ಲಿ: 'ಅಪ್ಪ ಒಳಗೆ ಬರೋ ಮುಂಚೇನೇ ಬೋರ್ಡು ಹಾಕಿ ಬಂದ. ನಾನು ನೋಡಿದೆ. ಕೇಳಲಿಲ್ಲ.'

ಮೇಲೆ ಬರೆದ ಸುಳ್ಳನ್ನು ಹೊಡೆದು ಹಾಕುವುದಿಲ್ಲ, ನೀನು ಅದನ್ನೂ ಓದು. ಲಿಫ್ಟು ಕೆಟ್ಟಿರಲಿಲ್ಲ, ಬೆನ್ನ ಹಿಂದೆ ಕೈಯಿಟ್ಟು ಗುಂಡಿಗಳ ಫಲಕದ ಕೀಲಿ ತಿರುಗಿಸಿ ನಾನೇ ನಿಲ್ಲಿಸಿದೆ. ಬೋರ್ಡು ಹಾಕಿದ್ದು ನನಗೇ ಗೊತ್ತಾಗಲಿಲ್ಲ, ಕೈ ತಾನಾಗಿ ಹಾಕಿತು. ಚಹಾ ಕುಡಿಯಲು ಯಾರೂ ಹೋಗಿರಲಿಲ್ಲ. ಫೋನು ನನ್ನ ಅಂಗಿಯ ಜೇಬಿನಲ್ಲೇ ಇತ್ತು, ಆರಿಸಿಟ್ಟಿದ್ದೆ. ಲಿಫ್ಟು ಕೆಟ್ಟಿತ್ತು ಎಂದು ಅವಳು ನಿನಗೆ ಹೇಳಿದ್ದರೆ ಅವಳಿಗೆ ಬೈಯಬೇಡ, ಆ ಸುಳ್ಳು ನನ್ನದು. ಗಂಟೆಯ ಗುಂಡಿ ಅವಳು ಕೂತಿದ್ದ ಬೆಂಚಿನ ಪಕ್ಕದಲ್ಲೇ, ಅವಳ ಭುಜಕ್ಕೆ ತಾಗುವಂತೆ ಇತ್ತು. ಅಷ್ಟು ಹೊತ್ತೂ ಅವಳು ಅದನ್ನು ಒತ್ತಲಿಲ್ಲ.